ಇಳಿತದ ಕಡಲು, ಮುಂಜಾವಿನ ಬೆಳಕು, ಬಂಡೆಯ ಚಿತ್ರ

ಚಿತ್ರದುರ್ಗದ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಕಲ್ಲು ಹೊಸದಲ್ಲ. ನೀರು ಮಾತ್ರ ಅಪರೂಪ. ಬಿ.ದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳ ಮಕ್ಕಳು ಬಂಡೆಯ ಮೇಲೆ ಆಡಿ, ಕೆರೆಯ ಏರಿಯ ಮೇಲೆ ನಡೆದು ದೊಡ್ಡವರಾಗುತ್ತಾರೆ. ಅವರಲ್ಲಿ ಅನೇಕರು ಕಡಲನ್ನು ಮೊದಲ ಬಾರಿಗೆ ಕಾಣುವುದು ಶಾಲೆಯ ಶೈಕ್ಷಣಿಕ ಪ್ರವಾಸದಲ್ಲಿ. ಘಟ್ಟವನ್ನಿಳಿದು ಬಂದ ವಾಹನ ಉಡುಪಿಯಲ್ಲಿಯೋ ಗೋಕರ್ಣದಲ್ಲಿಯೋ ನಿಲ್ಲುತ್ತದೆ. ದೇವರ ದರ್ಶನ, ಊಟಗಳು ಮುಗಿದ ಮೇಲೆ ಕಡಲತಡಿಯ ಸರದಿ. ಪ್ರವಾಸದ ನೆನಪಾಗಿ ಉಳಿಯುವುದು ಒಂದಿಷ್ಟು ಛಾಯಾಚಿತ್ರಗಳು. ಅವುಗಳಲ್ಲಿ ಬಹುಪಾಲು ಒಂದೇ ಬಗೆಯವು: ನಡುಹಗಲಿನ ಬಿಸಿಲು, ಬಿಳಿಚಿದ ಆಕಾಶ, ಕಪ್ಪು ಮುದ್ದೆಗಳಂತೆ ತೋರುವ ಬಂಡೆಗಳು, ಕಣ್ಣು ಕಿರಿದು ಮಾಡಿ ಸಾಲಾಗಿ ನಿಂತ ಮಕ್ಕಳು.

ಈ ದೋಷ ಕ್ಯಾಮೆರಾದ್ದೆಂದು ಹಲವರು ಭಾವಿಸುತ್ತಾರೆ. ವಾಸ್ತವವಾಗಿ ಅದು ವೇಳೆಯ ದೋಷ. ಬಂಡೆಗಳಿಂದ ಕೂಡಿದ ಕಡಲತಡಿ ತನ್ನ ನಿಜರೂಪವನ್ನು ತೆರೆದು ತೋರುವುದು ದಿನದಲ್ಲಿ ಸ್ವಲ್ಪ ಹೊತ್ತು ಮಾತ್ರ. ನೀರು ಇಳಿದಿರಬೇಕು, ಬೆಳಕು ಓರೆಯಾಗಿರಬೇಕು. ಈ ಎರಡೂ ಕೂಡಿಬರುವ ವೇಳೆಯನ್ನು ಅದೃಷ್ಟಕ್ಕೆ ಬಿಡಬೇಕಾಗಿಲ್ಲ; ತಿಥಿಯನ್ನು ಬಲ್ಲವರು ಅದನ್ನು ಮನೆಯಲ್ಲಿ ಕುಳಿತೇ ಗೊತ್ತುಮಾಡಬಹುದು. ಈ ತಿಳಿವಳಿಕೆ ಒಳ್ಳೆಯ ಚಿತ್ರಕ್ಕೆ ಎಷ್ಟು ಅವಶ್ಯವೋ, ಕಡಲತಡಿಗೆ ಹೋದವರು ಕ್ಷೇಮವಾಗಿ ಮನೆಗೆ ಮರಳುವುದಕ್ಕೂ ಅಷ್ಟೇ ಅವಶ್ಯ.

ಉಬ್ಬರವಿಳಿತದ ಲೆಕ್ಕ

ಕಡಲಿನ ನೀರು ಏರುವುದಕ್ಕೂ ಇಳಿಯುವುದಕ್ಕೂ ಮುಖ್ಯ ಕಾರಣ ಚಂದ್ರನ ಆಕರ್ಷಣೆ. ಸೂರ್ಯನೂ ಇದರಲ್ಲಿ ಪಾಲುಗೊಳ್ಳುತ್ತಾನೆ. ಆದರೆ ಬಹುದೂರದಲ್ಲಿರುವುದರಿಂದ ಅವನ ಪ್ರಭಾವ ಚಂದ್ರನದರ ಅರ್ಧಕ್ಕಿಂತಲೂ ತುಸು ಕಡಿಮೆ. ಭೂಮಿ ತಿರುಗುತ್ತಿರುವಾಗ ಚಂದ್ರನೂ ತನ್ನ ಪಥದಲ್ಲಿ ಮುಂದೆ ಸಾಗುವುದರಿಂದ, ಅವನು ಒಂದು ಊರಿನ ನೆತ್ತಿಯ ನೇರಕ್ಕೆ ಮತ್ತೆ ಬರಲು ಸರಾಸರಿ 24 ಗಂಟೆ 50 ನಿಮಿಷ ಬೇಕಾಗುತ್ತದೆ. ಈ ಅವಧಿಯಲ್ಲಿ ನಮ್ಮ ಕರಾವಳಿಯಲ್ಲಿ ಎರಡು ಉಬ್ಬರ, ಎರಡು ಇಳಿತಗಳು ಬರುತ್ತವೆ. ಆದುದರಿಂದ ಒಂದು ಇಳಿತಕ್ಕೂ ಮುಂದಿನ ಉಬ್ಬರಕ್ಕೂ ಆರು ಗಂಟೆಗಿಂತ ಸ್ವಲ್ಪ ಹೆಚ್ಚಿನ ಅಂತರ. ಇಂದಿನ ಇಳಿತಕ್ಕಿಂತ ನಾಳೆಯ ಇಳಿತ ಸುಮಾರು 50 ನಿಮಿಷ ತಡ. ಒಂದು ದಿನದ ಎರಡು ಇಳಿತಗಳೂ ಸಮವಾಗಿರುವುದಿಲ್ಲ. ಒಂದರಲ್ಲಿ ನೀರು ಇನ್ನೊಂದಕ್ಕಿಂತ ಹೆಚ್ಚು ಕೆಳಗಿಳಿಯುತ್ತದೆ.

ಹುಣ್ಣಿಮೆ, ಅಮಾವಾಸ್ಯೆಗಳಂದು ಸೂರ್ಯ, ಚಂದ್ರ, ಭೂಮಿಗಳು ಹೆಚ್ಚುಕಡಿಮೆ ಒಂದೇ ನೇರದಲ್ಲಿರುತ್ತವೆ. ಆಗ ಎರಡು ಸೆಳೆತಗಳೂ ಒಂದುಗೂಡಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುಮಾರಿಗೆ ಇವೆರಡೂ ಪರಸ್ಪರ ಅಡ್ಡವಾಗುವುದರಿಂದ ಏರಿಳಿತ ಮಂದವಾಗುತ್ತದೆ. ದೊಡ್ಡ ಇಳಿತ ತಿಥಿಯಂದೇ ಬರದೆ ಒಂದೆರಡು ದಿನ ತಡವಾಗಿ ಬರುವುದೂ ಸಾಮಾನ್ಯ.

ಗುಜರಾತಿನ ಭಾವನಗರದ ಬಳಿ ನೀರು ಹತ್ತು ಮೀಟರಿನಷ್ಟು ಏರಿಳಿಯುತ್ತದೆ. ಅದರೆದುರು ಕರ್ನಾಟಕದ ಕರಾವಳಿಯ ಏರಿಳಿತ ಅಲ್ಪ. ಹುಣ್ಣಿಮೆ, ಅಮಾವಾಸ್ಯೆಗಳ ಸುಮಾರಿಗೆ ಮಂಗಳೂರಿನಲ್ಲಿ ಅದು ಒಂದೂವರೆ ಮೀಟರಿನ ಆಸುಪಾಸು, ಕಾರವಾರದಲ್ಲಿ ಅದಕ್ಕಿಂತ ಕೊಂಚ ಹೆಚ್ಚು. ಆದರೆ ಇಳಿಜಾರು ಕಡಿಮೆಯಿರುವ ಬಂಡೆಹಾಸಿನಲ್ಲಿ ನೀರು ಒಂದು ಮೀಟರು ಕೆಳಗಿಳಿದರೆ ಹತ್ತಾರು ಹೆಜ್ಜೆಗಳಷ್ಟು ಕಲ್ಲು ಹೊರಬೀಳುತ್ತದೆ. ಉಬ್ಬರದಲ್ಲಿ ನಾಲ್ಕು ಬಂಡೆಗಳ ತಲೆಗಳಷ್ಟೇ ಕಂಡ ಸ್ಥಳದಲ್ಲಿ ಇಳಿತದ ಹೊತ್ತಿಗೆ ಸಾಲುಸಾಲು ಬಂಡೆಗಳು, ಅವುಗಳ ನಡುವೆ ನೀರು ನಿಂತ ಗುಂಡಿಗಳು, ಮರಳಿನ ಓಣಿಗಳು ತೆರೆದುಕೊಳ್ಳುತ್ತವೆ.

ಇಲ್ಲಿ ಛಾಯಾಗ್ರಾಹಕನಿಗೆ ಪ್ರಕೃತಿಯೇ ಒದಗಿಸಿರುವ ಒಂದು ಅನುಕೂಲವಿದೆ. ಒಂದು ಊರಿನ ಕಡಲತಡಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಇಳಿತ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಗಂಟೆಗೆ ಬೀಳುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಆ ಗಂಟೆ ಬೆಳಗಿನ ಜಾವದ್ದು, ಮತ್ತೆ ಸಂಜೆಯದು. ಅಂದರೆ ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದ ಒಂದೆರಡು ದಿನಗಳಲ್ಲಿ ಇಳಿತವೂ ಸೂರ್ಯೋದಯವೂ ಹತ್ತಿರಹತ್ತಿರ ಬರುತ್ತವೆ. ಒಂದು ದಿನ ಬೆಳಿಗ್ಗೆ 5-30ಕ್ಕೆ ಇಳಿತವಿದ್ದರೆ ಮರುದಿನ ಅದು 6-20ರ ಸುಮಾರಿಗೆ, ಅದರ ಮರುದಿನ 7-10ರ ಸುಮಾರಿಗೆ. ವಾರ ಕಳೆದು ಅಷ್ಟಮಿ ಬಂದಾಗ ಅದೇ ಮುಂಜಾವಿನಲ್ಲಿ ನೀರು ಮೇಲೇರಿ ಬಂಡೆಗಳು ಮುಳುಗಿರುತ್ತವೆ. ಹೀಗೆ ಮನೆಯ ಗೋಡೆಗೆ ತೂಗುಹಾಕಿದ ಪಂಚಾಂಗವೇ ಛಾಯಾಗ್ರಾಹಕನ ಮೊದಲ ಉಪಕರಣ. ನಿಖರವಾದ ಗಂಟೆ, ನಿಮಿಷಗಳಿಗೆ ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿವರ್ಷ ಪ್ರಕಟಿಸುವ ಉಬ್ಬರವಿಳಿತದ ಪಟ್ಟಿಯನ್ನು ನೋಡಬೇಕು. ಊರಿನ ಮೀನುಗಾರರನ್ನು ಕೇಳುವುದು ಅದಕ್ಕಿಂತಲೂ ಸುಲಭ. ಅವರಿಗೆ ಈ ಲೆಕ್ಕ ಬಾಯಿಪಾಠವಾಗಿರುತ್ತದೆ.

ಬೆನ್ನ ಹಿಂದಿನ ಸೂರ್ಯ

ಕಡಲಿನ ಮೇಲೆ ಸೂರ್ಯ ಮೂಡುವ ಚಿತ್ರಗಳನ್ನು ಪತ್ರಿಕೆಗಳಲ್ಲಿ ಕಂಡವರು ಅಂತಹುದನ್ನೇ ಮಲ್ಪೆಯಲ್ಲಿಯೋ ಗೋಕರ್ಣದಲ್ಲಿಯೋ ನಿರೀಕ್ಷಿಸಿ ನಿರಾಶರಾಗುವುದುಂಟು. ಆ ಚಿತ್ರಗಳು ಮಹಾಬಲಿಪುರಂ, ವಿಶಾಖಪಟ್ಟಣಗಳಂತಹ ಪೂರ್ವ ಕರಾವಳಿಯವು. ಕರ್ನಾಟಕದ ಕಡಲು ಪಶ್ಚಿಮಕ್ಕಿದೆ. ಇಲ್ಲಿ ಬೆಳಗಿನ ಸೂರ್ಯ ನೆಲದ ಕಡೆಯಿಂದ, ಘಟ್ಟದ ಆಚೆಯಿಂದ, ತೆಂಗಿನ ತೋಟಗಳ ಮೇಲಿಂದ ಬರುತ್ತಾನೆ. ಕಡಲಿಗೆ ಮುಖಮಾಡಿ ನಿಂತವನಿಗೆ ಅವನು ಬೆನ್ನ ಹಿಂದಿರುತ್ತಾನೆ.

ಇದನ್ನು ಕೊರತೆಯೆಂದು ತಿಳಿಯಬೇಕಾಗಿಲ್ಲ. ಎದುರಿನಿಂದ ಬರುವ ಬೆಳಕು ಬಂಡೆಯನ್ನು ಬರಿಯ ನೆರಳಾಗಿಸುತ್ತದೆ. ಹಿಂದಿನಿಂದಲೋ ಬದಿಯಿಂದಲೋ ಬರುವ ಬೆಳಕು ಕಲ್ಲಿನ ಬಣ್ಣ, ಬಿರುಕು, ಗೆರೆಗಳನ್ನು ತೋರಿಸಿಕೊಡುತ್ತದೆ. ಪಶ್ಚಿಮ ಕರಾವಳಿಯ ಬೆಳಗು ಮೂರು ಹಂತಗಳಲ್ಲಿ ಬರುತ್ತದೆ. ಸೂರ್ಯೋದಯಕ್ಕೆ ಇಪ್ಪತ್ತು, ಇಪ್ಪತ್ತೈದು ನಿಮಿಷ ಮೊದಲು ನಸುನೀಲಿಯ ಸಮಬೆಳಕು ಹರಡುತ್ತದೆ. ಆಗ ನೆರಳೇ ಇರದು. ಸೂರ್ಯ ಮೂಡಿದ ಬಳಿಕವೂ ಮರಗಳ, ಗುಡ್ಡಗಳ ಮರೆಯಿಂದಾಗಿ ತಡಿ ತಣ್ಣಗೆ ಉಳಿದು, ದೂರದ ಅಲೆಯ ತುದಿ ಮಾತ್ರ ಹೊಳೆಯುತ್ತದೆ. ಕೊನೆಗೆ ಹೊಂಬಣ್ಣದ ಓರೆಬೆಳಕು ಬಂಡೆಗಳ ನೆತ್ತಿಯನ್ನು ಮುಟ್ಟಿ ಮೆಲ್ಲಗೆ ಕೆಳಗಿಳಿಯುತ್ತದೆ. ಉತ್ತಮ ಚಿತ್ರಗಳು ಸಾಮಾನ್ಯವಾಗಿ ದೊರೆಯುವುದು ಈ ಮೂರನೆಯ ಹಂತದ ಮೊದಲ ಕಾಲುಗಂಟೆಯಲ್ಲಿ. ಗೋಕರ್ಣದ ಓಂ ಕಡಲತೀರದ ಬೆನ್ನಿಗೆ ಗುಡ್ಡವಿರುವುದರಿಂದ ಅಲ್ಲಿ ಬಿಸಿಲು ತಡವಾಗಿ ಇಳಿಯುತ್ತದೆ. ಕಾಪುವಿನಂತಹ ಬಯಲು ತಡಿಯಲ್ಲಿ ಬೇಗ ಬರುತ್ತದೆ.

ಹುಣ್ಣಿಮೆ ಕಳೆದ ಮುಂಜಾವಿಗೆ ಇನ್ನೊಂದು ವಿಶೇಷವಿದೆ. ಹಿಂದೆ ಪೂರ್ವದಲ್ಲಿ ಸೂರ್ಯ ಏಳುತ್ತಿರುವಾಗ ಮುಂದೆ ಪಶ್ಚಿಮದಲ್ಲಿ ಚಂದ್ರ ಇನ್ನೂ ಕಡಲಿನ ಮೇಲಿರುತ್ತಾನೆ. ಯಾವ ಎರಡು ಸೆಳೆತಗಳು ಕೂಡಿ ನೀರನ್ನು ಕೆಳಗಿಳಿಸಿದವೋ ಆ ಎರಡರ ಒಡೆಯರೂ ಎದುರುಬದುರಾಗಿ ಆಕಾಶದಲ್ಲಿದ್ದು, ನಡುವೆ ಬರಿದಾದ ಬಂಡೆಹಾಸು ಒದ್ದೆಯಾಗಿ ಮಿನುಗುತ್ತಿರುತ್ತದೆ. ಉಬ್ಬರವಿಳಿತದ ಪಾಠವನ್ನು ಕಪ್ಪುಹಲಗೆಯ ಮೇಲೆ ಬರೆದು ಕಲಿಸುವ ಉಪಾಧ್ಯಾಯರಿಗೆ ಇದಕ್ಕಿಂತ ಉತ್ತಮವಾದ ಚಿತ್ರಪಟ ದೊರೆಯದು.

ಬಂಡೆಯ ಮೇಲೆ ನೋಡಬೇಕಾದುದು

ಕರ್ನಾಟಕದ ಕರಾವಳಿ ಬಹುಮಟ್ಟಿಗೆ ಮರಳಿನದು. ಬಂಡೆಗಳು ಅಲ್ಲಲ್ಲಿ ಮಾತ್ರ ತಲೆಯೆತ್ತುತ್ತವೆ. ಉಡುಪಿಗೆ ದಕ್ಷಿಣದಲ್ಲಿರುವ ಕಾಪುವಿನಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭ ನಿಂತಿರುವುದೇ ಬಂಡೆಯ ಮೇಲೆ. ಉಳ್ಳಾಲದ ಬಳಿಯ ಸೋಮೇಶ್ವರದಲ್ಲಿ ದೇವಾಲಯದ ಬುಡದವರೆಗೂ ದೊಡ್ಡ ಬಂಡೆಗಳು ಹರಡಿವೆ. ಗೋಕರ್ಣದ ಓಂ ತೀರದಲ್ಲಿ ಎರಡು ಅರ್ಧಚಂದ್ರಗಳ ನಡುವೆ ಬಂಡೆಗಳ ಮೂಗು ಕಡಲಿಗೆ ಚಾಚಿಕೊಂಡು ಓಂಕಾರದ ಆಕಾರವನ್ನು ಮೂಡಿಸಿದೆ. ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪಗಳ ಕಂಬಗಲ್ಲುಗಳಂತೂ ಜಗತ್ಪ್ರಸಿದ್ಧ, ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಹೊರಬಂದ ಲಾವಾ ತಣಿದು ಕುಗ್ಗುವಾಗ ಬಹುಕೋನಗಳ ಕಂಬಗಳಾಗಿ ಸೀಳಿಕೊಂಡಿತು. ಆದರೆ ಆ ದ್ವೀಪಕ್ಕೆ ಪ್ರವಾಸಿಗರ ದೋಣಿಗಳು ಹೊರಡುವುದು ಬಿಸಿಲೇರಿದ ಮೇಲೆ; ಮುಂಜಾವಿನ ಚಿತ್ರಕ್ಕೆ ನೆಲದಂಚಿನ ಬಂಡೆಗಳೇ ಗತಿ.

ಇಳಿತದಲ್ಲಿ ಬಯಲಾದ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಗಮನಿಸಿದರೆ ಅದರಲ್ಲಿ ಪಟ್ಟೆಗಳು ಕಾಣುತ್ತವೆ. ಅಲೆಯ ಸಿಡಿತ ಮಾತ್ರ ತಾಗುವ ನೆತ್ತಿ ಒಣಗಿದೆ. ಅಲ್ಲಿ ಸಣ್ಣ ಶಂಖದ ಹುಳುಗಳು ಬಿರುಕುಗಳಲ್ಲಿ ಅಡಗಿರುತ್ತವೆ. ಅದರ ಕೆಳಗೆ ಬಾರ್ನಕಲ್ ಎಂಬ ಬಿಳಿಯ ಚಿಪ್ಪಿನ ಜೀವಿಗಳು ಕಲ್ಲಿಗೆ ಗಾರೆ ಮೆತ್ತಿದಂತೆ ಅಂಟಿಕೊಂಡಿವೆ. ಇನ್ನೂ ಕೆಳಗೆ, ಹೆಚ್ಚು ಹೊತ್ತು ನೀರಿನಲ್ಲಿಯೇ ಇರುವ ಭಾಗದಲ್ಲಿ, ಪಚ್ಚಿಲೆಗಳೂ ಹಸಿರು, ಕಂದು ಬಣ್ಣದ ಕಡಲಪಾಚಿಯೂ ನೆಲೆಸಿರುತ್ತವೆ. ಪ್ರತಿಯೊಂದು ಜೀವಿಯೂ ಎಷ್ಟು ಹೊತ್ತು ಗಾಳಿಯನ್ನು, ಬಿಸಿಲನ್ನು ತಾಳಬಲ್ಲದೋ ಅಷ್ಟೇ ಎತ್ತರದಲ್ಲಿ ಮನೆಮಾಡಿಕೊಂಡಿದೆ. ಬಂಡೆಯ ಬಣ್ಣದ ಪಟ್ಟೆಗಳೆಂದರೆ ಉಬ್ಬರವಿಳಿತ ತಾನೇ ಬರೆದಿಟ್ಟ ಅಳತೆಗೋಲು. ಇದನ್ನರಿತವನ ಚಿತ್ರದಲ್ಲಿ ಆ ಪಟ್ಟೆಗಳು ಸ್ಪಷ್ಟವಾಗಿ ಮೂಡುತ್ತವೆ. ಅರಿಯದವನು ಅವುಗಳನ್ನು ಕೊಳೆಯೆಂದು ತಿಳಿದು ಬೇರೆಡೆಗೆ ತಿರುಗುತ್ತಾನೆ.

ಅಮೆರಿಕೆಯ ಹೆಸರಾಂತ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ ಕ್ಯಾಲಿಫೋರ್ನಿಯದ ಪಾಯಿಂಟ್ ಲೋಬೋಸ್ ಎಂಬ ಬಂಡೆಗಡಲಿನಲ್ಲಿ 1929ರಲ್ಲಿ ಚಿತ್ರ ತೆಗೆಯತೊಡಗಿ, ಕಾಯಿಲೆಯಿಂದ ಕೈ ಸೋಲುವವರೆಗೂ ಅಲ್ಲಿಗೆ ಮತ್ತೆಮತ್ತೆ ಹೋಗುತ್ತಿದ್ದನು. 1948ರಲ್ಲಿ ಅವನು ತೆಗೆದ ಕಡೆಯ ಚಿತ್ರವೂ ಅಲ್ಲಿಯದೇ. ಒಂದು ತುಂಡು ತಡಿ ಒಬ್ಬ ಕಲಾವಿದನಿಗೆ ಹತ್ತೊಂಬತ್ತು ವರ್ಷಗಳವರೆಗೆ ಸಾಕಾಯಿತೆಂದರೆ, ಬಂಡೆಯಲ್ಲಿ ನೋಡುವುದಕ್ಕೇನಿದೆ ಎಂಬ ಪ್ರಶ್ನೆಗೆ ಬೇರೆ ಉತ್ತರ ಬೇಕಾಗಿಲ್ಲ.

ಕ್ಯಾಮೆರಾದ ಕೆಲಸ

ಮುಂಜಾವಿನ ಬೆಳಕು ಕಡಿಮೆಯಾದುದರಿಂದ ಕ್ಯಾಮೆರಾದ ಕಣ್ಣು ಹೆಚ್ಚು ಹೊತ್ತು ತೆರೆದಿರಬೇಕಾಗುತ್ತದೆ. ಅಷ್ಟು ಹೊತ್ತು ಕೈ ಅಲುಗದೆ ಇರಲಾರದು. ಮೂರು ಕಾಲಿನ ಟ್ರೈಪಾಡ್ ಅನಿವಾರ್ಯ. ಅದರ ಕಾಲುಗಳನ್ನು ಒದ್ದೆ ಮರಳಿನಲ್ಲಿ ಒತ್ತಿ ಊರಬೇಕು; ಇಲ್ಲವಾದರೆ ಅಲೆ ಸರಿಯುವಾಗ ಕಾಲಡಿಯ ಮರಳೂ ಸರಿದು ಕ್ಯಾಮೆರಾ ವಾಲುತ್ತದೆ. ಹತ್ತಿರದ ಕಲ್ಲಿನಿಂದ ದೂರದ ಅಲೆಯವರೆಗೆ ಎಲ್ಲವೂ ಸ್ಫುಟವಾಗಿ ಬರಬೇಕಾದರೆ ಮಸೂರದ ರಂಧ್ರವನ್ನು ಕಿರಿದುಗೊಳಿಸಿ ಎಫ್ 8 ಅಥವಾ ಎಫ್ 11ರಲ್ಲಿ ಇಡುವುದು ವಾಡಿಕೆ.

ನೀರು ಚಿತ್ರದಲ್ಲಿ ಹೇಗೆ ತೋರಬೇಕೆಂಬುದನ್ನು ನಿರ್ಧರಿಸುವುದು ಷಟರಿನ ವೇಗ. ಸೆಕೆಂಡಿನ 500ನೆಯ ಒಂದು ಭಾಗದಲ್ಲಿ ತೆಗೆದರೆ ಬಂಡೆಗೆ ಬಡಿದು ಸಿಡಿದ ಹನಿಗಳು ಗಾಳಿಯಲ್ಲಿ ನಿಂತಂತೆ ಕಾಣುತ್ತವೆ. ಅರ್ಧ ಸೆಕೆಂಡು, ಒಂದು ಸೆಕೆಂಡು ತೆರೆದಿಟ್ಟರೆ ಕಲ್ಲುಗಳ ಸಂದಿಯಿಂದ ಹಿಂದಕ್ಕೆ ಹರಿಯುವ ನೀರು ನೂಲಿನ ಎಳೆಗಳಂತಾಗುತ್ತದೆ. ಅರ್ಧ ನಿಮಿಷ ತೆರೆದಿಟ್ಟರೆ ಅಲೆಗಳೆಲ್ಲ ಅಳಿದು ಬಂಡೆಗಳು ಮಂಜಿನ ಮೇಲೆ ತೇಲುವಂತೆ ಭಾಸವಾಗುತ್ತವೆ. ಇವು ಮೂರೂ ಕಣ್ಣಿಗೆ ಹಾಗೆ ಕಾಣದ ನೋಟಗಳು; ಹೇಳಬೇಕಾದ ಅರ್ಥಕ್ಕೆ ಯಾವುದು ಒಪ್ಪುವುದೋ ಅದನ್ನು ಆರಿಸಿಕೊಳ್ಳಬೇಕು. ಸರಿಯುವ ನೀರಿನ ದಾರಿಯನ್ನು ತೋರುವ ನಡುವಣ ವೇಗವೇ ಇಳಿತದ ಚಿತ್ರಕ್ಕೆ ಹೆಚ್ಚು ಹೊಂದುತ್ತದೆ.

ಬೆಳಕಿನ ಅಳತೆಯಲ್ಲಿ ಕ್ಯಾಮೆರಾ ಇಲ್ಲಿ ಸುಲಭವಾಗಿ ಮೋಸಹೋಗುತ್ತದೆ. ಅದು ತನ್ನೆದುರಿನದೆಲ್ಲವೂ ನಡುಬೂದು ಬಣ್ಣದ್ದೆಂಬ ಎಣಿಕೆಯಿಂದ ಅಳೆಯುತ್ತದೆ. ಒದ್ದೆ ಬಂಡೆ ಒಣ ಬಂಡೆಗಿಂತ ಬಹಳ ಕಪ್ಪು, ನೊರೆಯೋ ಅಚ್ಚಬಿಳುಪು. ಕಪ್ಪು ಬಂಡೆ ಚೌಕಟ್ಟನ್ನು ತುಂಬಿದ್ದರೆ ಯಂತ್ರ ಅದನ್ನು ಬೂದಿಯ ಬಣ್ಣಕ್ಕೆ ತರುತ್ತದೆ, ನೊರೆ ಸುಣ್ಣದಂತಾಗುತ್ತದೆ. ನೊರೆಯ ವಿವರ ಒಮ್ಮೆ ಅಳಿದುಹೋದರೆ ಮತ್ತೆ ಬಾರದು. ಆದುದರಿಂದ ಸ್ವಲ್ಪ ಕಡಿಮೆ ಬೆಳಕಿಗೆ ಹೊಂದಿಸುವುದು ಜಾಣತನ. ಇಂದಿನ ಮೊಬೈಲು ದೂರವಾಣಿಯಲ್ಲಿಯೂ ಪರದೆಯ ಮೇಲೆ ನೊರೆಯಿರುವ ಕಡೆ ಬೆರಳಿಟ್ಟರೆ ಈ ಕೆಲಸ ಸಾಧ್ಯ. ನೀರುಗುಂಡಿಯೊಳಗಿನ ಏಡಿ, ಮೀನುಗಳನ್ನು ತೋರಿಸಬೇಕಾದರೆ ಮೇಲ್ಮೈಯ ಹೊಳಪನ್ನು ಕಳೆಯುವ ಧ್ರುವೀಕರಣ ಶೋಧಕವನ್ನು ಮಸೂರಕ್ಕೆ ತೊಡಿಸಬೇಕು. ನೀರಿನ ಮಟ್ಟಕ್ಕೆ ಸುಮಾರು 37 ಅಂಶಗಳ ಕೋನದಲ್ಲಿ ನೋಡಿದಾಗ ಅದರ ಫಲ ಅತ್ಯಧಿಕ.

ಉಪ್ಪುಗಾಳಿ ಯಂತ್ರಕ್ಕೆ ಶತ್ರು. ತಡಿಯಲ್ಲಿ ಮಸೂರವನ್ನು ಬದಲಿಸಬಾರದು. ಮರಳಿದ ಮೇಲೆ ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕ್ಯಾಮೆರಾದ ಮೈಯನ್ನೂ ಟ್ರೈಪಾಡಿನ ಕಾಲುಗಳನ್ನೂ ಒರೆಸಿ ಒಣಗಿಸಬೇಕು.

ಮರಳಿ ಬರುವ ನೀರು

ಇಷ್ಟೆಲ್ಲ ಸಿದ್ಧತೆಯ ನಡುವೆ ಮರೆಯಬಾರದ ಒಂದು ಮಾತುಂಟು. ಇಳಿದ ಕಡಲು ಏರಿಯೇ ಏರುತ್ತದೆ. ಮತ್ತು ಅದು ಒಂದೇ ವೇಗದಲ್ಲಿ ಏರುವುದಿಲ್ಲ. ಒಂದೂವರೆ ಮೀಟರಿನ ಉಬ್ಬರವಾದರೆ ಮೊದಲ ಗಂಟೆಯಲ್ಲಿ ಸುಮಾರು 12 ಸೆಂಟಿಮೀಟರು, ಎರಡನೆಯ ಗಂಟೆಯಲ್ಲಿ 25, ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ 37ರಂತೆ, ಬಳಿಕ ಮತ್ತೆ 25, 12 ಎಂಬುದು ಸ್ಥೂಲವಾದ ಲೆಕ್ಕ. ಮೊದಲ ಗಂಟೆ ಕಡಲು ನಿಂತೇ ಇದೆಯೆಂಬ ಭ್ರಮೆ ಹುಟ್ಟುತ್ತದೆ. ಕಣ್ಣು ಕ್ಯಾಮೆರಾದಲ್ಲಿ ನೆಟ್ಟವನು ಮೂರನೆಯ ಗಂಟೆಯಲ್ಲಿ ತಲೆಯೆತ್ತಿದಾಗ, ತಾನು ದಾಟಿ ಬಂದ ಮರಳಿನ ಓಣಿ ನೀರಿನ ಕಾಲುವೆಯಾಗಿರುತ್ತದೆ. ಇದಲ್ಲದೆ ನಾಲ್ಕು ಸಣ್ಣ ಅಲೆಗಳ ಹಿಂದೆ ಯಾವ ಮುನ್ಸೂಚನೆಯೂ ಇಲ್ಲದೆ ಒಂದು ದೊಡ್ಡ ಅಲೆ ಬರುವುದು ಕಡಲಿನ ಸ್ವಭಾವ.

2022ರ ಏಪ್ರಿಲ್‌ನಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ಬಂದಿದ್ದ ಕೇರಳದ ಕಾಲೇಜು ವಿದ್ಯಾರ್ಥಿಗಳು ಅಲೆಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ತಡಿಯಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಬಾಲಕಿಯರು ನೀರುಪಾಲಾದರು. ಕೆರೆಯ ನೀರನ್ನು ಮಾತ್ರ ಬಲ್ಲ ಬಯಲುಸೀಮೆಯ ಮಕ್ಕಳಿಗೆ ಕಡಲಿನ ನಡೆ ಗೊತ್ತಿರುವುದಿಲ್ಲ. ಕೆರೆ ನಿಂತಲ್ಲೇ ನಿಂತಿರುತ್ತದೆ, ಕಡಲು ಹಾಗಿರದು. ಪ್ರವಾಸಕ್ಕೆ ಹೊರಡುವ ಮೊದಲೇ ಉಬ್ಬರವಿಳಿತದ ಪಾಠವಾಗಬೇಕೆಂಬುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಡ.

ಪಾಲಿಸಬೇಕಾದ ನಿಯಮಗಳು ಕೆಲವೇ. ಇಳಿತದ ವೇಳೆಗೆ ಒಂದು ಗಂಟೆ ಮೊದಲು ತಡಿಯನ್ನು ಸೇರಬೇಕು. ಇಳಿತ ಮುಗಿದ ಅರ್ಧ ಗಂಟೆಯೊಳಗೆ ಬಂಡೆಗಳಿಂದ ಹಿಂದಿರುಗಬೇಕು. ಒಬ್ಬಂಟಿಯಾಗಿ ಹೋಗಬಾರದು; ಒಬ್ಬನು ಚಿತ್ರ ತೆಗೆಯುವಾಗ ಇನ್ನೊಬ್ಬನು ಕಡಲನ್ನೇ ನೋಡುತ್ತಿರಬೇಕು. ಪಾಚಿ ಹಿಡಿದ ಹಸಿರು ಕಲ್ಲಿನ ಮೇಲೆ ಕಾಲಿಡಬಾರದು. ಅಲೆಗಳಿಗೆ ಬೆನ್ನುಹಾಕಿ ನಿಂತು ಭಾವಚಿತ್ರ ತೆಗೆಸಿಕೊಳ್ಳುವುದಂತೂ ಸರ್ವಥಾ ಕೂಡದು. ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರ ಎತ್ತರದ ಅಲೆಗಳ ಮುನ್ನೆಚ್ಚರಿಕೆ ನೀಡಿರುವ ದಿನಗಳಲ್ಲಿಯೂ ಮಳೆಗಾಲದ ತಿಂಗಳುಗಳಲ್ಲಿಯೂ ಬಂಡೆಗಳ ಬಳಿಗೆ ಸುಳಿಯದಿರುವುದೇ ವಿವೇಕ. ತಿರುವಿ ನೋಡಿದ ಕಲ್ಲನ್ನು ಇದ್ದಂತೆಯೇ ಇಡಬೇಕು. ಅದರಡಿಯಲ್ಲಿ ಇಳಿತ ಕಳೆಯಲೆಂದು ಕಾದಿರುವ ಜೀವಿಗಳಿರುತ್ತವೆ.

ಊರಿನ ಬಳಿಯ ಕಡಲು

ಕಡಲಿಗೆ ಹೋಗಲಾಗದವರು ಈ ವಿದ್ಯೆಯನ್ನು ಊರಿನ ಬಳಿಯಲ್ಲಿಯೇ ಅಭ್ಯಸಿಸಬಹುದು. ಚಿತ್ರದುರ್ಗಕ್ಕೂ ಹಿರಿಯೂರಿಗೂ ನಡುವೆ, ಐಮಂಗಲದ ಸಮೀಪದ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಕಾಣುವ ಹಸಿರುಗಪ್ಪು ಶಿಲೆಗಳಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಅವುಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿದ ಲಾವಾ, ನೀರು ಸೋಕಿದೊಡನೆ ಹೊರಮೈ ಗಟ್ಟಿಯಾಗಿ, ಉಂಡೆಯುಂಡೆಯಾಗಿ ಉರುಳಿ ಈ ಆಕಾರವನ್ನು ಪಡೆಯಿತು. ಇಂದು ಒಣಗಾಳಿ ಬೀಸುವ ಆ ನೆಲ ಒಂದು ಕಾಲದಲ್ಲಿ ನೀರಿನ ತಳವಾಗಿತ್ತು.

ಅಲ್ಲಿಯೂ ನಡುಹಗಲಿನಲ್ಲಿ ತೆಗೆದ ಚಿತ್ರದಲ್ಲಿ ಕಾಣುವುದು ಬರಿಯ ಕಲ್ಲುಗುಡ್ಡೆ. ಸೂರ್ಯ ಮೂಡಿದ ಮೊದಲ ಕಾಲುಗಂಟೆಯ ಓರೆಬೆಳಕಿನಲ್ಲಿ ಪ್ರತಿಯೊಂದು ದಿಂಬಿನ ದುಂಡು, ಅದರ ಅಂಚಿನ ಗೆರೆ, ಒಂದು ಇನ್ನೊಂದರ ಮೇಲೆ ಕುಸಿದು ಕುಳಿತ ಬಗೆ ಎದ್ದು ತೋರುತ್ತವೆ. ಕಾಪುವಿನ ಬಂಡೆಗೆ ಬೇಕಾದ ಟ್ರೈಪಾಡು, ಬೆಳಕಿನ ಲೆಕ್ಕ, ತಾಳ್ಮೆಗಳೇ ಇಲ್ಲಿಗೂ ಸಾಕು. ಸುತ್ತಿಗೆಯ ಪೆಟ್ಟು ಬೀಳದಂತೆ ಆ ಕಲ್ಲುಗಳನ್ನು ಕಾಯುವ ಹೊಣೆ ಮಾತ್ರ ಜಿಲ್ಲೆಯವರದೇ. ಒಂದು ಶಾಲೆಯ ಮಕ್ಕಳು ಚಳಿಗಾಲದ ಒಂದು ಬೆಳಿಗ್ಗೆ ಮರಡಿಹಳ್ಳಿಯಲ್ಲಿ ಈ ಅಭ್ಯಾಸವನ್ನು ಮಾಡಿ, ಹುಣ್ಣಿಮೆಯ ಮರುದಿನ ಕರಾವಳಿಯನ್ನು ತಲುಪುವಂತೆ ತಮ್ಮ ಪ್ರವಾಸವನ್ನು ಗೊತ್ತುಪಡಿಸಿಕೊಂಡರೆ, ಅವರು ತರುವ ಚಿತ್ರಗಳು ಬೇರೆಯಾಗಿರುತ್ತವೆ. ನೀರು ಬಿಟ್ಟುಹೋದ ಕಲ್ಲೆರಡನ್ನೂ ಅವರು ಅಕ್ಕಪಕ್ಕದಲ್ಲಿಟ್ಟು ನೋಡಬಲ್ಲರು: ಒಂದಕ್ಕೆ ನೀರು ಆರು ಗಂಟೆಗಳಲ್ಲಿ ಮರಳುತ್ತದೆ, ಇನ್ನೊಂದು ಅದನ್ನು ಬೀಳ್ಕೊಟ್ಟು ಎಣಿಕೆಗೆ ಸಿಗದಷ್ಟು ಕಾಲವಾಗಿದೆ.